ಬಿಳಿ ಚಿನ್ನ ಮತ್ತು ನಮ್ಮತ್ತೆಯ ಬಾಯಿ

ನಮ್ಮ ಜಿಲ್ಲೆಯ ಕಲ್ಲಿನಲ್ಲಿ ಲಿಥಿಯಂ ಇದೆಯಂತೆ ಎಂದು ಟಿ.ವಿ.ಯಲ್ಲಿ ಬಂದ ಮಾರನೆಯ ಬೆಳಿಗ್ಗೆ, ನಮ್ಮೂರ ಡೇರಿಗೆ ಹಾಲಿನ ಜೊತೆ ಕಲ್ಲುಗಳೂ ಬಂದವು.

ಆ ಡೇರಿಯ ಕಾರ್ಯದರ್ಶಿ ನಾನೇ. ಹುಟ್ಟಿ ಬೆಳೆದದ್ದು ಮಂಡ್ಯದ ಗುತ್ತಲಿನಲ್ಲಿ. ಬಿ.ಎಸ್ಸಿ. ಮುಗಿಯುತ್ತಿದ್ದಂತೆ ಮದ್ದೂರು ಕಡೆಯ ಕೊಪ್ಪದ ಹತ್ತಿರದ ಈ ಹಳ್ಳಿಗೆ ಸೊಸೆಯಾಗಿ ಬಂದೆ. ಗಂಡನಿಗೆ ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೆಲಸ, ಬೆಳಿಗ್ಗೆ ಬೈಕು ಹತ್ತಿ ಹೋದರೆ ಬರುವುದು ಸಂಜೆಗೆ. ಹಾಲು ಅಳೆಯುವುದು, ಡಿಗ್ರಿ ನೋಡುವುದು, ಫ್ಯಾಟ್ ನೋಡುವುದು, ಯಾರ ಹಾಲಿಗೆ ಯಾರ ಬೋರ್‌ವೆಲ್ಲಿನ ನೀರು ಸೇರಿದೆ ಎಂದು ಗೊತ್ತಾದರೂ ಗೊತ್ತಾಗದ ಮುಖ ಮಾಡಿಕೊಂಡಿರುವುದು, ಇದು ನನ್ನ ನೌಕರಿ.

ಅವತ್ತು ಸಾಲಿನಲ್ಲಿ ಮೊದಲು ನಿಂತಿದ್ದ ತಾತ ಕ್ಯಾನಿನ ಮುಚ್ಚಳ ತೆಗೆದರೆ ಒಳಗೆ ಹಾಲಿರಲಿಲ್ಲ, ಮುಷ್ಟಿ ಗಾತ್ರದ ಒಂದು ಬಿಳಿ ಕಲ್ಲಿತ್ತು.

"ಮಿಷನ್ನಿಗೆ ಇಕ್ಕವ್ವ. ಎಷ್ಟು ಬತ್ತದೆ ನೋಡುಮಾ," ಅಂದರು.

"ಇದು ಫ್ಯಾಟ್ ನೋಡೋ ಮಿಷನ್ನು ತಾತ. ಕಲ್ಲಿಗಲ್ಲ."

"ಅದ್ರೊಳ್ಗೆ ಏನದೆ ಏನಿಲ್ಲ ಅಂತ ತೋರುಸ್ತದಲ್ಲ, ಸಾಕು ಇಕ್ಕು. ಒಸಿ ಪುಡಿ ಮಾಡಿ ಕೊಡ್ಲಾ?"

ಮೆಟ್ಟಿಲ ಮೇಲೆ ಕೂತಿದ್ದ ನಮ್ಮತ್ತೆ ಅಲ್ಲಿಂದಲೇ ಕೂಗಿದರು: "ಕಲ್ಲು ಬ್ಯಾಡ ಕಣಪ್ಪ, ನಿನ್ ತಲೆ ಇಕ್ಸು. ಇಷ್ಟ್ ವರ್ಸವೂ ಅದ ಕರ್ಚೇ ಮಾಡಿಲ್ವಲ್ಲ ನೀನು, ಏನಾರ ಇದ್ರೆ ಅಲ್ಲೇ ಇರ್ಬೇಕು."

ಸಾಲು ನಕ್ಕಿತು. ತಾತನೂ ನಕ್ಕರು. ನಮ್ಮತ್ತೆಯ ಬಾಯಿಗೆ ಸಿಕ್ಕವರು ಅಳುವುದಕ್ಕಿಂತ ನಗುವುದು ಒಳ್ಳೆಯದು ಎಂದು ಊರಿಗೆ ಗೊತ್ತಿತ್ತು. ಮನೆಯ ಹಾಲು ತಂದು ಸುರಿದ ಮೇಲೂ ಅವರು ಎದ್ದು ಹೋಗುತ್ತಿರಲಿಲ್ಲ. ಕೊನೆಯ ಕ್ಯಾನು ಬರುವವರೆಗೆ ಆ ಮೆಟ್ಟಿಲ ಮೇಲೆ ಕೂತು, ಊರಿನ ಸುದ್ದಿಯನ್ನೆಲ್ಲ ಒಳಗೆ ಹಾಕಿಕೊಂಡು, ತಮಗೆ ಬೇಕಾದ ಹಾಗೆ ಹೊರಗೆ ಬಿಡುತ್ತಿದ್ದರು. ನನ್ನ ಮಿಷನ್ನಿನ ಮುಂದೆ ಸುಳ್ಳು ಹೇಳಬಹುದಿತ್ತು, ಅತ್ತೆಯ ಮುಂದೆ ಆಗುತ್ತಿರಲಿಲ್ಲ.

ಟಿ.ವಿ.ಯವರು ಲಿಥಿಯಮ್ಮಿಗೆ "ಬಿಳಿ ಚಿನ್ನ" ಎಂದು ಹೆಸರಿಟ್ಟಿದ್ದರು. ಅದೇ ದೊಡ್ಡ ಅನಾಹುತ. ಸ್ಕೂಟರಿನ ಬ್ಯಾಟರಿಗೆ, ಕಾರಿನ ಬ್ಯಾಟರಿಗೆ, ಸೋಲಾರ್ ಕರೆಂಟು ಕೂಡಿಡುವುದಕ್ಕೆ ಬೇಕಾದ ಒಂದು ಲೋಹ ಎಂದಿದ್ದರೆ ನಮ್ಮೂರು ಆಕಳಿಸಿ ಮಲಗುತ್ತಿತ್ತು. ಚಿನ್ನ ಎಂದ ಮೇಲೆ ಯಾರು ಮಲಗುತ್ತಾರೆ? ಹೆಂಗಸರು ಬಟ್ಟೆ ಒಗೆಯುವ ಕಲ್ಲನ್ನು ತಿರುವಿ ನೋಡಿದರು. ಒಬ್ಬಳು ರುಬ್ಬುವ ಗುಂಡನ್ನು ಒಳಮನೆಯಲ್ಲಿಟ್ಟು ಬೀಗ ಹಾಕಿದಳು.

ಇದಾಗಿ ಸ್ವಲ್ಪ ದಿನಕ್ಕೆ ಕಲ್ಲು ಹುಡುಕುವವರ ಜೀಪು ನಮ್ಮೂರಿಗೂ ಬಂತು. ಜೀಪಿನಿಂದ ಇಳಿದವಳು ಬಾಗಲಕೋಟೆ ಕಡೆಯ ಒಬ್ಬ ಹುಡುಗಿ. ಭೂವಿಜ್ಞಾನ ಓದಿದವಳು, ತಲೆಗೆ ಟೋಪಿ, ಸೊಂಟಕ್ಕೆ ಸುತ್ತಿಗೆ. ಊರಿನ ಹಿಂದಿನ ಗುಡ್ಡದಲ್ಲಿ ಕೆಲವು ತಿಂಗಳು ಕೆಲಸ ಇದೆ, ಇರಲು ಒಂದು ರೂಮು ಬೇಕು ಎಂದು ಕೇಳಿಕೊಂಡು ಡೇರಿಗೆ ಬಂದಳು. ನಾನು ಬಾಯಿ ತೆರೆಯುವ ಮುಂಚೆಯೇ ಅತ್ತೆ ಅವಳ ಚೀಲ ಎತ್ತಿಕೊಂಡು ಮನೆಯ ಕಡೆ ಹೊರಟಿದ್ದರು. ಮಹಡಿಯ ಮೇಲಿನ ಹುಲ್ಲು, ಹಗ್ಗ, ಮುರಿದ ಮಂಚ ಎಲ್ಲ ಅವತ್ತೇ ಖಾಲಿಯಾದವು.

ಊರು ಅವಳಿಗೆ "ಕಲ್ಲು ಮೇಡಮ್ಮು" ಎಂದು ಹೆಸರಿಟ್ಟಿತು. ಗುಡ್ಡದ ಕಲ್ಲು ಒಡೆದು, ನೆಕ್ಕಿ, ಭೂತಗನ್ನಡಿಯಲ್ಲಿ ನೋಡಿ, ಬಟ್ಟೆ ಚೀಲಕ್ಕೆ ಹಾಕಿ ನಂಬರು ಬರೆಯುವುದು ಅವಳ ಕೆಲಸ. ನೆಕ್ಕುವುದನ್ನು ಕುರಿ ಕಾಯುವವನೊಬ್ಬ ನೋಡಿ ಬಂದು ಹೇಳಿದ್ದರಿಂದ, ಒಂದಷ್ಟು ದಿನ ಊರಿನ ದೊಡ್ಡವರೂ ಕದ್ದು ಮುಚ್ಚಿ ಕಲ್ಲು ನೆಕ್ಕಿದರು. ಒದ್ದೆಯಾದರೆ ಕಲ್ಲಿನ ಬಣ್ಣ ಸರಿಯಾಗಿ ಕಾಣುತ್ತದೆ, ಅದಕ್ಕೆ ನೆಕ್ಕುತ್ತೇನೆ ಎಂದು ಅವಳು ನನಗೆ ಹೇಳಿದ್ದಳು. ನಾನು ಊರಿಗೆ ಹೇಳಲು ಹೋಗಲಿಲ್ಲ.

ಅತ್ತೆಗೆ ಅವಳ "ರೀ" ಬಹಳ ಇಷ್ಟವಾಯಿತು. ಮುದ್ದೆಯನ್ನು ಅಗಿಯದೆ ನುಂಗುವುದನ್ನು ಅವಳಿಗೆ ಕಲಿಸುತ್ತಾ "ನುಂಗ್ರೀ, ನುಂಗ್ರೀ" ಎಂದು ಅಣಕಿಸುತ್ತಿದ್ದರು. ಅವಳು ಕಣ್ಣಲ್ಲಿ ನೀರು ತುಂಬಿಕೊಂಡು ನುಂಗಿ, "ಅಮ್ಮಾರ, ಇದಕ್ಕಿಂತ ಕಲ್ಲ ಮೆತ್ತಗದಾವ್ರಿ" ಅನ್ನುತ್ತಿದ್ದಳು.

ಸಂಜೆಯಾದರೆ ನಮ್ಮ ಜಗುಲಿಯಲ್ಲಿ ಜನವೋ ಜನ. ಎಲ್ಲರಿಗೂ ಒಂದೇ ಪ್ರಶ್ನೆ. ನಮ್ಮ ಹೊಲದಲ್ಲಿ ಅದೆಯಾ? ಅವಳದ್ದೂ ಒಂದೇ ಉತ್ತರ.

"ಹಿಂಗ ನೋಡಿದ್ರ ಗೊತ್ತಾಗಂಗಿಲ್ರಿ. ಲ್ಯಾಬಿಗೆ ಕಳಿಸಬೇಕು. ನಮ್ಮ ಕೆಲಸ ಬರೇ ಹುಡುಕೋದು. ಅಗಿಯೋದು ಆಮ್ಯಾಲಿನ ಮಾತು, ಅಗೀತಾರೋ ಇಲ್ಲೋ ಅನ್ನೋದೂ ಗೊತ್ತಿಲ್ಲ."

ಇಷ್ಟು ಪ್ರಾಮಾಣಿಕವಾಗಿ ಗೊತ್ತಿಲ್ಲ ಎನ್ನುವ ಸರ್ಕಾರದ ಕಡೆಯವರನ್ನು ನಮ್ಮೂರು ಅದುವರೆಗೂ ಕಂಡಿರಲಿಲ್ಲ. ಆದ್ದರಿಂದ ಯಾರೂ ನಂಬಲಿಲ್ಲ. ಗೊತ್ತಿದ್ದೂ ಹೇಳುತ್ತಿಲ್ಲ ಎಂದುಕೊಂಡರು. ಹಾಗೆ ಎಲ್ಲರಿಗಿಂತ ಗಟ್ಟಿಯಾಗಿ ಅಂದುಕೊಂಡವರು ನಮ್ಮ ಚಿಕ್ಕಮಾವ.

ಚಿಕ್ಕಮಾವ ಅಂದರೆ ನಮ್ಮ ಮಾವನವರ ದಾಯಾದಿ ತಮ್ಮ, ಅತ್ತೆಗೆ ಮೈದುನ. ಹಿಂದೆ ಪಂಚಾಯ್ತಿ ಮೆಂಬರಾಗಿದ್ದವರು. ಸೋತು ಬಹಳ ಕಾಲವಾಗಿದ್ದರೂ ಬಿಳಿ ಷರ್ಟಿನ ಇಸ್ತ್ರಿ ಇನ್ನೂ ಮುರಿದಿರಲಿಲ್ಲ. ಗುಡ್ಡದ ಬುಡದಲ್ಲಿ ಊರ ದನಗಳು ಮೇಯುವ ಗೋಮಾಳವಿತ್ತು. ಅದರ ಒಂದು ಮೂಲೆಯಲ್ಲಿ ಅವರು ಮೊದಲು ಹುಲ್ಲಿನ ಮೆದೆ ಹಾಕಿದರು. ಆಮೇಲೆ ಗರಸು ಮಣ್ಣು ತೋಡಿ ಟ್ರ್ಯಾಕ್ಟರಿನಲ್ಲಿ ರಸ್ತೆ ಕಾಮಗಾರಿಗೆ ಹೊಡೆದರು. ಅಲ್ಲಿ ಬಾವಿಯಂಥ ಗುಂಡಿ ಬಿತ್ತು. ಮಳೆ ನೀರು ನಿಂತು, ನಮ್ಮ ಮನೆಯ ಕರುವೊಂದು ಅದರಲ್ಲಿ ಬಿದ್ದು ಸತ್ತಿತ್ತು. ಅತ್ತೆ ಅವತ್ತು ಯಾರ ಜೊತೆಗೂ ಮಾತಾಡಲಿಲ್ಲ. ಅವರು ಮಾತಾಡದ ಒಂದೇ ಒಂದು ದಿನ ನಾನು ನೋಡಿದ್ದು ಅದು.

ಬಿಳಿ ಚಿನ್ನದ ಸುದ್ದಿ ಬಂದದ್ದೇ ಚಿಕ್ಕಮಾವ ಮೂಲೆ ಬಿಟ್ಟು ಇಡೀ ಗೋಮಾಳಕ್ಕೇ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆಸಿದರು. ಕೇಳಿದವರಿಗೆ "ನಮ್ಮಪ್ಪನ ಕಾಲದ್ದು ಕಣ್ಲಾ, ಪೇಪರ್ ಅವೆ" ಎಂದರು. ಪೇಪರನ್ನು ಯಾರೂ ನೋಡಿರಲಿಲ್ಲ. ಅವರ ಬಾಯಿಗೆ ಹೆದರಿ ಯಾರೂ ಕೇಳಲೂ ಇಲ್ಲ. ದನಗಳು ಬೇಲಿಯ ಈಚೆ ನಿಂತು ಆಚೆಯ ಹುಲ್ಲು ನೋಡಿ ಮನೆಗೆ ಬರುತ್ತಿದ್ದವು. ಡೇರಿಗೆ ಬರುವ ಹಾಲೂ ತೆಳುವಾಯಿತು. ಈ ಸಲ ಅದು ಬೋರ್‌ವೆಲ್ಲಿನ ತಪ್ಪಾಗಿರಲಿಲ್ಲ.

ಸರ್ಕಾರ ಜಮೀನು ತೆಗೆದುಕೊಂಡರೆ ಪರಿಹಾರ ಕೊಡುತ್ತದೆ, ಅಷ್ಟು ಹೊತ್ತಿಗೆ ಬೇಲಿ ಹಳೆಯದಾಗಿ ಕಾಣಬೇಕು, ಇದು ಚಿಕ್ಕಮಾವನ ಲೆಕ್ಕ. ಹೊಸ ತಂತಿಗೆ ಸಗಣಿ ನೀರು ಎರಚಿಸಿದ್ದರು. ಮೇಡಮ್ಮಿಗೆ ಎಳನೀರು, ಉಂಡೆ ಬೆಲ್ಲ, ಬಾಳೆಗೊನೆ ಕಳಿಸುತ್ತಿದ್ದರು. ಅವಳು ಒಂದನ್ನೂ ಮುಟ್ಟದೆ ವಾಪಸ್ಸು ಕೊಡಿ ಎಂದು ಅತ್ತೆಯ ಕೈಗೆ ಕೊಡುತ್ತಿದ್ದಳು. ಅತ್ತೆ ಅವನ್ನು ಅಡುಗೆ ಮನೆಗೆ ಒಯ್ಯುತ್ತಿದ್ದರು.

"ವಾಪಸ್ ಕೊಟ್ರೇನತ್ತೆ?" ಎಂದು ನಾನು ಕೇಳಿದರೆ, "ಅವಳು ಸರ್ಕಾರದೋಳು, ತಿನ್ಬಾರ್ದು. ನಾನೇನು ಸರ್ಕಾರದೋಳಾ?" ಎಂದು ಬೆಲ್ಲ ಕಡಿದರು.

ಒಂದು ಬೆಳಿಗ್ಗೆ ಚಿಕ್ಕಮಾವ ತಾವೇ ಬಂದು ಮೇಡಮ್ಮನ್ನು ಗೋಮಾಳಕ್ಕೆ ಕರೆದುಕೊಂಡು ಹೋದರು. "ಬನ್ನಿ ಮೇಡಮ್ಮಾರೆ, ನಮ್ ಜಮೀನ್ನಾಗೆ ನೆಲದ್ ಮ್ಯಾಲೇ ಬಿದ್ದದೆ ಮಾಲು." ನೋಡುವುದಕ್ಕೆ ಅತ್ತೆಯೂ ನಾನೂ ಹಿಂದೆ ಹೋದೆವು. ನಿಜವಾಗಿಯೂ ಬಿದ್ದಿತ್ತು. ಕಾಗೆಬಂಗಾರದ ಹೊಳೆಯುವ ಚೂರುಗಳು, ಬಿಳಿ ಕಲ್ಲು, ತಿಳಿ ನೇರಳೆ ಕಲ್ಲು ಬೇಲಿಯೊಳಗೆಲ್ಲ ಮಿಣಮಿಣ ಅನ್ನುತ್ತಿದ್ದವು. ಹುಡುಗಿ ಕೂತು ಒಂದೊಂದನ್ನೇ ಎತ್ತಿ ನೋಡಿದಳು.

"ಕಾಕಾರ, ಇವು ಯಾವಾಗಿಂದ ಅದಾವ್ರಿ ಇಲ್ಲಿ?"

"ನಮ್ ತಾತನ ಕಾಲ್ದಿಂದ್ಲೂ ಅವೆ ಮೇಡಮ್ಮಾರೆ."

"ಹಂಗಾದ್ರ ಕಲ್ಲಿನ ಕೆಳಗ ಹಸಿರು ಎಲಿ ಹೆಂಗ ಬಂತ್ರಿ?"

ಚಿಕ್ಕಮಾವ ಎಲೆ ನೋಡಿದರು, ಆಕಾಶ ನೋಡಿದರು. ಅಷ್ಟರಲ್ಲಿ ಅತ್ತೆ ತಮ್ಮ ಕಾಲ ಬಳಿಯ ನೇರಳೆ ಕಲ್ಲನ್ನು ಎತ್ತಿ ತಿರುಗಿಸಿದರು. ಅದರ ಒಂದು ಮುಖ ನುಣ್ಣಗೆ ಪಾಲಿಶ್ ಆಗಿ ಅತ್ತೆಯ ಮೂಗುತಿ ಅದರಲ್ಲಿ ಕಾಣುತ್ತಿತ್ತು. ಮದ್ದೂರಿನ ಯಾವುದೋ ಗ್ರಾನೈಟ್ ಅಂಗಡಿಯ ಚೂರು.

"ನಿಮ್ ತಾತ ಬಲೇ ಸೋಕೀಲಾಲ ಕಣಪ್ಪ," ಅಂದರು ಅತ್ತೆ. "ದನ ಮೇಯೋ ನೆಲಕ್ಕೆ ಪಾಲೀಸ್ ಒಡ್ಸವ್ರೆ."

ಹುಡುಗಿ ನಗಲಿಲ್ಲ, ಪಾಪ. ತುಟಿ ಕಚ್ಚಿಕೊಂಡು ಬೇಲಿಯಾಚೆ ಹೋಗಿ ಒಂದು ಬಂಡೆಗೆ ಮುಖ ಹಾಕಿ ನಿಂತಳು. ಅವಳ ಭುಜ ಮಾತ್ರ ಕುಣಿಯುತ್ತಿತ್ತು.

ಇಷ್ಟಾದರೂ ಬೇಲಿ ಹೋಗಲಿಲ್ಲ. ಕಲ್ಲು ಮೇಲಿಲ್ಲದಿದ್ದರೆ ಕೆಳಗಿರಬಹುದಲ್ಲ ಎಂಬುದು ಚಿಕ್ಕಮಾವನ ಹೊಸ ವಾದ. ಬೇಲಿ ಕೀಳುವ ಉಪಾಯ ಅತ್ತೆಗೆ ಹೊಳೆದದ್ದು ನಮ್ಮ ಹೊಲದಲ್ಲಿ.

ನಮ್ಮ ಹೊಲದ ಅಂಚು ಗುಡ್ಡಕ್ಕೆ ತಾಗುತ್ತದೆ. ಅಲ್ಲಿ ಒಂದು ಉದ್ದನೆಯ ಕಾಲುವೆಯಂಥ ಗುಂಡಿ ತೋಡಿ ಒಳಗಿನ ಕಲ್ಲು ನೋಡಬೇಕು, ಅನುಮತಿ ಕೊಡಿ ಎಂದು ಹುಡುಗಿ ಕೇಳಿದಳು. ನನ್ನ ಗಂಡ ಒಪ್ಪಿದರು. ಕೂಲಿಯವರು ಬಂದರು. ಅವಳು ಅವರನ್ನು ಕಾಡಿದ ರೀತಿ ನೋಡಬೇಕಿತ್ತು. ಮೇಲಿನ ಕಪ್ಪು ಮಣ್ಣು ಈ ಕಡೆ, ಕೆಳಗಿನ ಕೆಂಪು ಮಣ್ಣು ಆ ಕಡೆ, ಕಲ್ಲು ಬೇರೆ ಕಡೆ, ಒಂದಕ್ಕೊಂದು ಸೇರಬಾರದು. ನೋಡುವುದೆಲ್ಲ ಮುಗಿದ ಮೇಲೆ ಮೊದಲು ಕಲ್ಲು, ಆಮೇಲೆ ಕೆಂಪು ಮಣ್ಣು, ಕೊನೆಗೆ ಕಪ್ಪು ಮಣ್ಣು ಹಾಕಿ ಮುಚ್ಚಿಸಿದಳು. ಅದರ ಮೇಲೆ ತಾನೇ ನಡೆದಾಡಿ, ತಗ್ಗಿದ್ದ ಕಡೆ ಇನ್ನೊಂದು ಬಾಂಡ್ಲಿ ಸುರಿಸಿದಳು. ಕಡೆಗೆ ಅತ್ತೆಯಿಂದ ಹುರುಳಿ ಕಾಳು ಇಸಿದುಕೊಂಡು ಚೆಲ್ಲಿದಳು.

ಅತ್ತೆ ಬದುವಿನ ಮೇಲೆ ಕೂತು ಎಲ್ಲ ನೋಡುತ್ತಿದ್ದರು. "ನೀರಿನ ಪೈಪಿಗೆ ನಮ್ ಬೀದಿ ಅಗೆದೋರು ಇನ್ನೂ ಮುಚ್ಚಿಲ್ಲ. ನೀನ್ಯಾಕವ್ವ ಇಷ್ಟು ಒದ್ದಾಡ್ತೀಯೆ? ಯಾರು ನಿನ್ನ ಕೇಳೋರು?"

ಹುಡುಗಿ ಕೈಯ ಮಣ್ಣು ಕೊಡವಿಕೊಂಡು ಪಕ್ಕದಲ್ಲಿ ಕೂತಳು. "ನಮ್ಮೂರ ಹಿಂದ ಸುಣ್ಣಕಲ್ಲಿನ ಕ್ವಾರಿ ಇತ್ತ್ರಿ ಅಮ್ಮಾರ. ಕಲ್ಲು ಮುಗೀತು, ಅವರು ಹೋದ್ರು. ಗುಂಡಿ ಉಳೀತು. ನಮ್ಮ ಬಾವಿ ನೀರೆಲ್ಲ ಆ ಗುಂಡಿಗೆ ಇಳದು ಹೋತು. ನಾ ಸಾಲಿಗೆ ಹೋಗೂ ಮುಂದ ಮೊದಲ ನೀರು ತಂದಿಟ್ಟು ಹೋಗತಿದ್ದೆ. ಕಲ್ಲು ಓದಬೇಕು ಅಂತ ಅನ್ನಿಸಿದ್ದು ಆವಾಗರಿ. ಅಗಿಯೋದು ತಪ್ಪಲ್ರಿ. ಡೀಸೆಲ್ಲಿನ ಹೊಗಿ ಬ್ಯಾಡ ಅಂದ್ರ ಬ್ಯಾಟರಿ ಬೇಕು, ಬ್ಯಾಟರಿ ಬೇಕಂದ್ರ ಎಲ್ಲೋ ಒಂದ ಕಡೆ ಅಗೀಬೇಕು. ಅಗದವರು ಹಂಗ ಬಿಟ್ಟು ಹೋಗಬಾರದು."

"ಅಂಗಾರೆ ಈಗ ರೂಲ್ಸು ಏನು? ಯಾರು ಮುಚ್ಚಬೇಕು?"

"ಗಣಿ ಯಾರ ಹೆಸರಿಗೆ ಇರತೈತೋ ಅವರು ಮುಚ್ಚಬೇಕ್ರಿ. ಮ್ಯಾಲಿನ ಮಣ್ಣು ಜ್ವಾಪಾನ ಮಾಡಿ ಇಟ್ಟು ತಿರುಗಿ ಹಾಕಬೇಕು, ಗಿಡ ಹಚ್ಚಬೇಕು, ಸುತ್ತಲ ನೀರು ಕೆಟ್ಟದ್ರ ಅದಕ್ಕೂ ಅವರ ಉತ್ತರ ಕೊಡಬೇಕು. ಇವೆಲ್ಲ ಮಾಡ್ತೀವಿ ಅಂತ ಮೊದಲ ರೊಕ್ಕ ಕಟ್ಟಿರಬೇಕು."

ಅತ್ತೆ ಅದನ್ನೇ ಮತ್ತೊಮ್ಮೆ ಹೇಳಿಸಿಕೊಂಡರು. ಆಮೇಲೆ ಬಾಯೊಳಗೇ ಏನೋ ಮೆಲುಕು ಹಾಕುತ್ತಾ ಮನೆಗೆ ನಡೆದರು. ಅವರು ಸುಮ್ಮನೆ ನಡೆದರೆ ನನಗೆ ಭಯ.

ಮಾರನೆಯ ಬೆಳಿಗ್ಗೆ ಡೇರಿಗೆ ಚಿಕ್ಕಮಾವನ ಹೆಂಡತಿ ಬಂದರು. ಪಾಪದ ಹೆಂಗಸು, ಕೇಳಿದ್ದನ್ನೆಲ್ಲ ಗಂಡನಿಗೆ ಮುಟ್ಟಿಸುವುದು ಬಿಟ್ಟರೆ ಬೇರೆ ದೋಷವಿಲ್ಲ. ಅತ್ತೆ ಮೆಟ್ಟಿಲ ಮೇಲೆ ಜರುಗಿ ಜಾಗ ಮಾಡಿಕೊಟ್ಟರು. ನಿಟ್ಟುಸಿರು ಬಿಟ್ಟರು. ನಮ್ಮತ್ತೆ ನಿಟ್ಟುಸಿರು ಬಿಟ್ಟರೆ ಯಾರಿಗೋ ಏನೋ ಕಾದಿದೆ ಎಂದೇ ಅರ್ಥ.

"ಯಾಕಕ್ಕ?" ಅಂದರು ಚಿಕ್ಕತ್ತೆ.

"ನಿನ್ ಗಂಡನ್ನ ನೆನುಸ್ಕಂಡೆ ಕಣವ್ವ. ಎಷ್ಟ್ ದೊಡ್ಡ ಮನ್ಸು ಅವನ್ದು."

"ಏನ್ ಮಾಡಿದ್ರಕ್ಕ?" ಚಿಕ್ಕತ್ತೆಗೆ ಗಾಬರಿಯೇ ಆಯಿತು. ಗಂಡನ ದೊಡ್ಡ ಮನಸ್ಸಿನ ಸುದ್ದಿ ಅವರಿಗೂ ಹೊಸದು.

"ಅಲ್ಲ, ಗಣಿ ಗುಂಡಿನೆಲ್ಲ ಮುಚ್ಚಾಕ್ಬೇಕಂತೆ. ಮ್ಯಾಲೆ ಮಣ್ಣು ಆಕ್ಬೇಕಂತೆ. ಗುಡ್ಡದ್ ತುಂಬ ಗಿಡ ನೆಡ್ಬೇಕಂತೆ. ಸುತ್ತಮುತ್ತ ಯಾವೂರ್ ನೀರು ಕೆಟ್ರೂ ಜವಾಬ್ದಾರಿ ಒತ್ಕಬೇಕಂತೆ. ಅದ್ಕೆಲ್ಲ ಮೊದ್ಲೇ ದುಡ್ಡು ಬ್ಯಾರೆ ಕಟ್ಬೇಕಂತೆ. ಇಷ್ಟೆಲ್ಲ ಊರಿಗೋಸ್ಕರ ಯಾರ್ ಮಾಡ್ತಾರೆ ಯೋಳು."

"ಯಾರು ಕಟ್ಟೋದಕ್ಕ? ಸರ್ಕಾರ ತಾನೆ?"

"ಸರ್ಕಾರ ಎಲ್ಲಿ ಕಟ್ತದವ್ವ. ಯಾರ್ ಎಸ್ರಿಗೆ ಅದೆಯೋ ಅವ್ರೇ. ಮೇಡಮ್ಮು ಅವಳ ಬಾಯಲ್ಲೇ ಯೋಳ್ತು, ಇವಳನ್ನ ಕೇಳು."

ಚಿಕ್ಕತ್ತೆ ನನ್ನ ಕಡೆ ತಿರುಗಿದರು. ನಾನು ಮಿಷನ್ನಿನ ಕೆಂಪು ಅಂಕಿಗಳನ್ನೇ ನೋಡುತ್ತಾ ಹೌದೆಂದು ತಲೆ ಆಡಿಸಿದೆ. ಮೇಡಮ್ಮು ಹೇಳಿದ್ದು ನಿಜವೇ ಆಗಿತ್ತಲ್ಲ. ನಗು ತಡೆಯಲು ಕೆನ್ನೆಯ ಒಳಗಡೆ ಹಲ್ಲಿನಿಂದ ಕಚ್ಚಿಕೊಂಡಿದ್ದರಿಂದ ಮಾತು ಹೊರಡಲಿಲ್ಲ, ಅಷ್ಟೇ.

"ಈಗಾಗ್ಲೇ ಇರೋ ಗುಂಡಿನೂ ಬತ್ತದಾ ಅಕ್ಕ ಲೆಕ್ಕಕ್ಕೆ?"

"ಗುಂಡಿ ಅಂದ್ಮೇಲೆ ಗುಂಡಿನೇ ತಾನೆ?" ಅಂದರು ಅತ್ತೆ.

ಚಿಕ್ಕತ್ತೆ ಖಾಲಿ ಕ್ಯಾನು ಅಲ್ಲೇ ಬಿಟ್ಟು ಮನೆಗೆ ಓಡಿದರು.

ಅದೇ ವಾರ ಊರಲ್ಲಿ ಸಭೆ. ಹುಡುಕಾಟದ ಬಗ್ಗೆ ತಿಳಿಸಿ ಊರವರ ಮಾತು ಕೇಳಲು ಮಂಡ್ಯದಿಂದ ಒಬ್ಬ ಅಧಿಕಾರಿ ಬರುತ್ತಿದ್ದರು. ಬೇರೆ ಕಟ್ಟಡವಿಲ್ಲವಾದ್ದರಿಂದ ನಮ್ಮ ಡೇರಿಯಲ್ಲೇ ಕುರ್ಚಿ ಹಾಕಿದೆವು. ಹಾಲಿನ ವಾಸನೆಗೆ ಬೆಕ್ಕುಗಳೂ ಸಭೆಗೆ ಬಂದಿದ್ದವು. ಗ್ರಾಮಲೆಕ್ಕಿಗರು ಬಂದರು, ಪಂಚಾಯ್ತಿಯವರು ಬಂದರು. ಚಿಕ್ಕಮಾವ ಯಾವಾಗಲೂ ಮುಂದಿನ ಕುರ್ಚಿಯವರು. ಅವತ್ತು ಕ್ಯಾನುಗಳ ಹಿಂದೆ, ಗೋಡೆಗೆ ಅಂಟಿಕೊಂಡು ಕೂತಿದ್ದರು. ಮುಖದಲ್ಲಿ ನಿದ್ದೆಗೆಟ್ಟ ಕಳೆ.

ಅಧಿಕಾರಿ ಒಳ್ಳೆಯ ಮನುಷ್ಯ. ಮೃದುವಾಗಿ ಮಾತಾಡಿದರು. ಗುಡ್ಡದ ಬುಡದಲ್ಲಿ ಬೇಲಿ ಹಾಕಿರುವ ಜಾಗದಲ್ಲಿ ಎರಡು ಕಡೆ ತೋಡಿ ನೋಡಬೇಕಾಗಿದೆ, ಅದಕ್ಕೆ ಮಾಲೀಕರ ಒಪ್ಪಿಗೆ ಬೇಕು ಎಂದರು. "ಆ ಜಮೀನಿನ ಮಾಲೀಕರು ಯಾರು, ದಯವಿಟ್ಟು ಎದ್ದು ನಿಲ್ಲಿ."

ಯಾರೂ ಏಳಲಿಲ್ಲ. ಬೆಕ್ಕೊಂದು ಮಿಯಾಂವ್ ಅಂದಿತು.

"ಬೇಲಿ ಇದೆಯಲ್ಲ, ಯಾರದ್ದಾದರೂ ಇರಬೇಕಲ್ಲ?"

ಅತ್ತೆ ಹಿಂದಕ್ಕೆ ತಿರುಗಿ ಬಹಳ ಪ್ರೀತಿಯಿಂದ ಕರೆದರು. "ಏಳಪ್ಪ ಮೈದ್ನ. ನಾಚ್ಕೆ ಯಾಕೆ? ನಿಮ್ಮಪ್ಪನ ಕಾಲದ್ದು, ಪೇಪರ್ ಅವೆ ಅಂತಿದ್ದಲ್ಲ, ತೋರ್ಸು ಸಾಹೇಬ್ರಿಗೆ."

ಚಿಕ್ಕಮಾವ ಸ್ಪ್ರಿಂಗ್ ಹಾಕಿದಂತೆ ಎದ್ದರು. "ಯಾರತ್ಗೆ ಅಂಗಂದೋರು? ಸ್ವಾಮಿ, ಅದು ಗೋಮಾಳ. ನಮ್ ತಾತನ ಕಾಲ್ದಿಂದ್ಲೂ ಗೋಮಾಳ. ಇಡೀ ಊರಿಗೇ ಗೊತ್ತು."

"ಅಂಗಾರೆ ಬೇಲಿ?" ಅತ್ತೆಯ ಧ್ವನಿಯಲ್ಲಿ ಹಾಲು ಜೇನು.

ಚಿಕ್ಕಮಾವ ಹಳೆಯ ಮೆಂಬರಲ್ಲವೇ, ದಾರಿ ಹುಡುಕಿಕೊಂಡರು. "ಅದಾ... ಅಲ್ಲೊಂದು ಗುಂಡಿ ಅದೆ ಸ್ವಾಮಿ. ಯಾರೋ ತೋಡ್ಬುಟ್ಟವ್ರೆ. ದನ ಕರ ಬೀಳ್ದೆ ಇರ್ಲಿ ಅಂತ ನಾನೇ ಕೈಯಿಂದ ದುಡ್ಡಾಕಿ ಬೇಲಿ ಆಕ್ಸಿವ್ನಿ. ಊರಿನ ಸೇವೆ."

ಯಾರೋ ತೋಡಿಬಿಟ್ಟಿದ್ದಾರೆ ಎಂಬ ಮಾತಿಗೆ ಡೇರಿಯೊಳಗೆ ಎಂಥ ಕೆಮ್ಮು ಎದ್ದಿತು ಎಂದರೆ, ಅಧಿಕಾರಿ ಊರಿಗೆಲ್ಲ ನೆಗಡಿಯೇ ಎಂದು ನನ್ನನ್ನು ವಿಚಾರಿಸಿದರು.

ಆಗ, ಒಳಗಿನ ಆಟ ಅರಿಯದೆ ಚಿಕ್ಕಮಾವನ ಮನಸ್ಸೇ ಬದಲಾಯಿತೆಂದು ನಂಬಿದ ನಮ್ಮ ಕಲ್ಲು ಮೇಡಮ್ಮು ಎದ್ದು ನಿಂತು ಮನಸಾರೆ ಚಪ್ಪಾಳೆ ತಟ್ಟಿದಳು. "ಸರ್, ಇಂಥಾ ಜನ ಎಲ್ಲಾ ಊರಾಗೂ ಇರಬೇಕ್ರಿ. ತಮ್ಮದಲ್ಲದ ಗುಂಡೀಗೆ ಜವಾಬ್ದಾರಿ ತೊಗೊಂಡಾರ." ಊರೂ ಚಪ್ಪಾಳೆ ತಟ್ಟಿತು. ಕಲ್ಲು ತಂದಿದ್ದ ತಾತ ಸಿಳ್ಳೆ ಹಾಕಿದರು. ಗ್ರಾಮಲೆಕ್ಕಿಗರು ಅದು ಗೋಮಾಳವೆಂದು ಸಭೆಯ ನಡಾವಳಿಯಲ್ಲಿ ಬರೆದುಕೊಂಡರು. ಚಿಕ್ಕಮಾವ ಸಹಿ ಹಾಕಿದರು. ಹಾಕುವಾಗ ಚಪ್ಪಾಳೆಗೆ ಎದೆ ಸ್ವಲ್ಪ ಉಬ್ಬಿತು. ಬಹಳ ಕಾಲವಾಗಿತ್ತು ಅವರಿಗೆ ಯಾರಾದರೂ ಚಪ್ಪಾಳೆ ತಟ್ಟಿ.

"ಇಷ್ಟು ಮಾಡಿರೋನು ಆ ಗುಂಡಿನೊಂದ ಮುಚ್ಚಿಸ್ದೆ ಇರ್ತಾನಾ?" ಎಂದು ಅತ್ತೆ ಕೂತಲ್ಲಿಂದಲೇ ಸಭೆಯನ್ನು ಕೇಳಿದರು. ಇರುವುದಿಲ್ಲ ಎಂದು ಸಭೆ ಹೇಳಿತು.

ವಾರ ಕಳೆಯುವುದರೊಳಗೆ ಚಿಕ್ಕಮಾವನ ಟ್ರ್ಯಾಕ್ಟರು ಗುಂಡಿಗೆ ಮಣ್ಣು ಸುರಿಯುತ್ತಿತ್ತು. ಹುಡುಗಿ ಪಕ್ಕದಲ್ಲಿ ನಿಂತು, ಯಾವ ಮಣ್ಣು ಮೊದಲು, ಯಾವುದು ಆಮೇಲೆ ಎಂದು ಅವರನ್ನೂ ಕಾಡಿದಳು. ಮುಳ್ಳುತಂತಿ ಸುರುಳಿಯಾಗಿ ಅವರ ಮನೆಯ ಹಿತ್ತಿಲು ಸೇರಿತು. ಮೊದಲ ದಿನ ದನಗಳು ಕಂಬದ ಸಾಲಿನ ತನಕ ಬಂದು, ತಂತಿ ಇಲ್ಲದಿದ್ದರೂ ಅಭ್ಯಾಸಬಲದಿಂದ ನಿಂತುಬಿಟ್ಟವು. ಅತ್ತೆ ಮುಂದೆ ಹೋಗಿ "ಬನ್ನಿ ಬನ್ನಿ" ಎಂದು ಕರೆದ ಮೇಲೆ ಒಳಗೆ ನುಗ್ಗಿದವು.

ಒಳಕಥೆ ಹುಡುಗಿಗೆ ಗೊತ್ತಾಗಿದ್ದು ಚಿಕ್ಕತ್ತೆಯಿಂದ. ಅವತ್ತು ಅವಳು ಊಟಕ್ಕೆ ಕೂರಲಿಲ್ಲ. ಅತ್ತೆಯ ಮುಂದೆ ನಿಂತಳು, ಮುಖ ಕೆಂಪಾಗಿತ್ತು.

"ಅಮ್ಮಾರ, ನನ್ನ ಹೆಸರು ಹೇಳಿ ಸುಳ್ಳು ಹೇಳೀರಿ? ಜಮೀನಿನವರು ಮುಚ್ಚಬೇಕಂತ ನಾ ಎಲ್ಲಿ ಹೇಳೀನ್ರಿ? ಗಣಿ ಹಿಡದವರು ಮುಚ್ಚಬೇಕು ಅಂದಿದ್ದೆ."

"ನಾನೂ ಜಮೀನ್ನೋರು ಅನ್ನಲಿಲ್ಲ ಕಣವ್ವ. ಯಾರ್ ಎಸ್ರಿಗೆ ಅದೆಯೋ ಅವ್ರು ಅಂದೆ. ನೀನೂ ಅಷ್ಟೇ ತಾನೆ ಅಂದಿದ್ದು? ಒಂದು ಮಾತು ಎಚ್ಚು ಕಮ್ಮಿ ಆಗಿದ್ರೆ ಯೋಳು."

ಹುಡುಗಿ ನನ್ನ ಕಡೆ ನೋಡಿದಳು. ನಾನು ನಡೆದ ಮಾತನ್ನೆಲ್ಲ ಹಾಗೆ ಹಾಗೇ ಒಪ್ಪಿಸಿದೆ. ಅವಳು ಒಂದೊಂದೇ ಮಾತನ್ನು ತೂಗಿ ನೋಡಿದಳು. ಸುಳ್ಳು ಸಿಗಲಿಲ್ಲ. ಆದರೂ ಅವಳ ಸಿಟ್ಟು ಇಳಿಯಲಿಲ್ಲ.

"ಸುಳ್ಳು ಇರದಿದ್ರೂ ಅವರು ತಪ್ಪ ತಿಳಕೊಂಡಾರಲ್ರಿ. ಇವತ್ತ ನಾ ಇದನ್ನ ಹಂಗ ಬಿಟ್ರ, ನಾಳೆ ನಾ ಖರೇ ಹೇಳಿದಾಗ ಯಾರು ನಂಬತಾರ?"

ಚಪ್ಪಲಿ ಮೆಟ್ಟಿಕೊಂಡು ನೇರ ಚಿಕ್ಕಮಾವನ ಮನೆಗೆ ಹೊರಟಳು. ಅತ್ತೆ ತಡೆಯಲಿಲ್ಲ. ಅವರ ಮುಖ ಮಾತ್ರ ಮೊದಲ ಸಲ ಸ್ವಲ್ಪ ಬಾಡಿತು. ನಾವಿಬ್ಬರೂ ಅವಳ ಹಿಂದೆ ಹೋಗಿ ಅವರ ಜಗುಲಿಯ ಕಂಬದ ಮರೆಯಲ್ಲಿ ನಿಂತೆವು. ಹುಡುಗಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಗಣಿ ಗುತ್ತಿಗೆ ಹಿಡಿದವರದ್ದು ಆ ಹೊಣೆ, ಜಮೀನಿನವರದ್ದಲ್ಲ, ನಿಮಗೆ ತಪ್ಪು ತಿಳಿವಳಿಕೆ ಆಗಿದೆ, ನನ್ನ ಮಾತಿನಿಂದಲೇ ಆಗಿದ್ದು, ಕ್ಷಮಿಸಿ ಎಂದಳು.

ಚಿಕ್ಕಮಾವ ಕೂಗಾಡುತ್ತಾರೆ ಎಂದು ನಾನು ಕಿವಿ ಗಟ್ಟಿ ಮಾಡಿಕೊಂಡೆ.

"ಬುಡವ್ವ," ಅಂದರು ಅವರು. "ಗೋಮಾಳ ಗೋಮಾಳವೇ. ನಂಗೂ ಗೊತ್ತಿತ್ತು." ಆಮೇಲೆ ದನಿ ಏರಿಸಿ ಕಂಬದ ಕಡೆ ಕೂಗಿದರು. "ಅತ್ಗೆ, ಕಂಬಕ್ಕಿಂತ ನೀನೇ ದಪ್ಪ ಇದ್ದೀಯೆ, ಕಾಣ್ತದೆ ಈಚೆ ಬಾ. ಮುಂದಿನ್ ಎಲೆಕ್ಸನ್‌ಗೆ ನೀನೇ ನಿಂತ್ಕೊ. ನಾನು ಓಟ್ ಮಾತ್ರ ಆಕಾಕಿಲ್ಲ."

ಅತ್ತೆ ಈಚೆ ಬಂದರು. ಬಂದವರು ಹುಡುಗಿಯ ತಲೆ ಸವರಿ, "ನಿನ್ ಎಸ್ರ ಇನ್ ಯಾವತ್ತೂ ಎತ್ತಾಕಿಲ್ಲ ಕಣವ್ವ" ಎಂದರು. ಆ ಮಾತಿನಲ್ಲಿ ತುಂಟತನ ಇರಲಿಲ್ಲ. ಚಿಕ್ಕತ್ತೆ ಎಲ್ಲರಿಗೂ ಕಾಫಿ ತಂದರು.

ತಿಂಗಳುಗಳಾದ ಮೇಲೆ ಲ್ಯಾಬಿನಿಂದ ಫಲಿತಾಂಶ ಬಂತು. ನಮ್ಮ ಗುಡ್ಡದ ಕಲ್ಲಿನಲ್ಲಿ ಲಿಥಿಯಂ ಇದೆ, ಆದರೆ ಗುಡ್ಡ ಅಗೆದು ತೆಗೆಯುವಷ್ಟಿಲ್ಲ. ಊರು ಒಂದು ದಿನ ಸಪ್ಪೆಯಾಗಿತ್ತು. ಒಳಮನೆಯ ಬೀಗದಿಂದ ರುಬ್ಬುವ ಗುಂಡು ಬಿಡುಗಡೆಯಾಯಿತು. ಹುಡುಗಿಯ ತಂಡ ಮಳವಳ್ಳಿ ಕಡೆಯ ಇನ್ನೊಂದು ಗುಡ್ಡಕ್ಕೆ ಹೊರಟಿತು. ಜೀಪು ಹತ್ತುವ ಮುಂಚೆ ಅವಳು ನಮ್ಮ ಹೊಲದ ಅಂಚಿಗೆ ಹೋಗಿ, ಮುಚ್ಚಿದ ಜಾಗದ ಹುರುಳಿ ಗಿಡವನ್ನು ಬಗ್ಗಿ ನೋಡಿ ಬಂದಳು.

ಕಳೆದ ಬೇಸಿಗೆಯಲ್ಲಿ ಮಳವಳ್ಳಿ ಕಡೆಯ ಆ ಗುಡ್ಡದ ಊರಿನ ಕೆಲವು ಹೆಂಗಸರು ಬಸ್ಸು ಹಿಡಿದು ನಮ್ಮ ಡೇರಿಗೆ ಬಂದರು. ಅಲ್ಲಿ ಸಭೆ ನಡೆಯಲಿದೆಯಂತೆ, ಸಾಹೇಬರ ಮುಂದೆ ಏನು ಕೇಳಬೇಕೋ ಗೊತ್ತಾಗುತ್ತಿಲ್ಲ, ಕಲ್ಲು ಮೇಡಮ್ಮನ್ನು ಕೇಳಿದರೆ ನಿಮ್ಮ ಅತ್ತೆಯನ್ನು ಹೋಗಿ ನೋಡಿ ಅಂದರು ಎಂದು ಹೇಳಿದರು. ಅತ್ತೆಗೆ ಹಿಗ್ಗೋ ಹಿಗ್ಗು. ಆದರೆ ಈ ಸಲ ಅವರು ಒಂದು ಮಾತನ್ನೂ ತಿರುಚಲಿಲ್ಲ.

"ಅಗೆದ್ರೆ ನೀರು ಎಲ್ಲಿಂದ ತತ್ತೀರಿ ಅಂತ ಕೇಳಿ. ನಮ್ ಕೆರೆದಾ, ನಿಮ್ದಾ? ಮ್ಯಾಲಿನ ಮಣ್ಣು ಎಲ್ಲಿಕ್ಕುತೀರಿ ಅನ್ನಿ. ದೂಳು ಯಾರ್ ಮನೆ ಕಡೆ ಓಯ್ತದೆ ಅನ್ನಿ. ನಮ್ಮೋರಿಗೆ ಏನ್ ಕೆಲ್ಸ ಕೊಡ್ತೀರಿ, ನಿಮ್ ಕೆಲ್ಸ ಮುಗುದ್ಮೇಲೆ ಗುಂಡಿ ಯಾರು ಮುಚ್ತೀರಿ, ಅವ್ರು ಇಲ್ಲೇ ಬಂದು ನಮ್ ಮುಂದೆ ನಿಂತು ಯೋಳ್ಲಿ. ಬ್ಯಾಡ ಅಂತ ಮೊದ್ಲೇ ಬಾಗ್ಲು ಆಕ್ಬ್ಯಾಡಿ, ಊಂ ಅಂತ್ಲೂ ಬಿರ್ರನೆ ಅನ್ಬ್ಯಾಡಿ."

ಅವರಲ್ಲೊಬ್ಬಳು ಅನುಮಾನದಿಂದ ಕೇಳಿದಳು. "ಎದುರಿಗೆ ನಿಂತು ಇಷ್ಟೆಲ್ಲ ಕೇಳಾಕಾಯ್ತದಾ ಅಜ್ಜಿ? ಬಾಯಿ ಕಟ್ಕತದೆ."

"ಅಂಗಾರೆ ನಾನೇ ಬತ್ತೀನಿ ನಡಿ," ಎಂದು ಅತ್ತೆ ಎದ್ದು ಸೆರಗು ಕೊಡವಿಕೊಂಡರು. ನನ್ನ ಕಡೆ ತಿರುಗಿ, "ಸಂಜೆ ಆಲು ನೀನೇ ಕರ್ಕೊ," ಅಂದರು.

ಸಭೆ ಇದ್ದದ್ದು ಮರುದಿನ. ಅತ್ತೆ ಅದನ್ನು ಮುಗಿಸಿಕೊಂಡು, ಇನ್ನೂ ಮೂರ್ನಾಲ್ಕು ಊರಿನ ನೆಂಟರ ಮನೆ ಸುತ್ತಿಕೊಂಡು ವಾರ ಬಿಟ್ಟು ಬಂದರು. ಅಲ್ಲಿಯ ಹೆಂಗಸರು ಕೇಳಬೇಕಾದ್ದನ್ನೆಲ್ಲ ತಾವೇ ಕೇಳಿದರಂತೆ. ಇವರಿಗೆ ಮಾತಾಡಲು ಅವಕಾಶವೇ ಸಿಗಲಿಲ್ಲವಂತೆ. ಅದನ್ನು ಹೇಳುವಾಗ ಅವರಿಗೆ ಸಂತೋಷವೂ ಇತ್ತು, ಸ್ವಲ್ಪ ಕೋಪವೂ ಇತ್ತು. ಆ ಗುಡ್ಡದಲ್ಲಿ ಹುಡುಕಾಟ ಇನ್ನೂ ನಡೆಯುತ್ತಿದೆ.